ಬಿಟ್ಟವನನ್ನು ಬಿಡದ್ದು

ಕುಡಿತ ಬಿಟ್ಟವರ ವಿಷಯದಲ್ಲಿ ನಮ್ಮ ಮನೆಗಳಲ್ಲಿ ತೀರ್ಪು ಬಲು ಬೇಗ ಬಂದುಬಿಡುತ್ತದೆ. ‘ಬಿಟ್ಟನಲ್ಲ, ಇನ್ನೇನು, ದಾರಿಗೆ ಬಂದ ಹಾಗೇ’ ಎನ್ನುತ್ತಾರೆ. ಬಿಟ್ಟ ಮೇಲೂ ಅವನಿಗೆ ರಾತ್ರಿ ನಿದ್ದೆ ಹತ್ತದಿದ್ದರೆ, ಕಾರಣವಿಲ್ಲದೆ ಎದೆ ಡವಡವ ಎಂದರೆ, ಮದುವೆ ಮನೆಯ ಗದ್ದಲ ತಾಳಲಾರದೆ ಹೊರಗೆ ಬಂದು ಕೂತರೆ, ‘ಇವನದು ಈಗಲೂ ನಾಟಕವೇ’ ಎನ್ನುವವರೂ ಅವರೇ. ಬಾಟಲಿ ಬಿಡುವುದು ಒಂದು ಕೆಲಸ. ಬಾಟಲಿಯ ಮರೆಯಲ್ಲಿದ್ದ ಭಯದೊಡನೆ ಬದುಕಲು ಕಲಿಯುವುದು ಇನ್ನೊಂದು. ಆ ಎರಡನೆಯದಕ್ಕೆ ಮದ್ದು ಹುಡುಕಿಕೊಂಡು ಹೊರಟರೆ ಅದು ದೌರ್ಬಲ್ಯವೇ? ಸಿಕ್ಕಿದ ಮದ್ದನ್ನು ಊರಿಗೆಲ್ಲ ಹಂಚತೊಡಗಿದರೆ ಅದು ಉಪಕಾರವೇ? ಈ ಎರಡನ್ನೂ ಒಟ್ಟಿಗೆ ಕೇಳಬೇಕಾಗಿ ಬರುವುದು ಬಿಲ್ ವಿಲ್ಸನ್‌ನ ಪ್ರಕರಣದಲ್ಲಿ.

ಬೆಂಗಳೂರಿನ ಎ.ಎ. ಸಭೆಗಳಿಗೆ ಹೋಗಿಬರುವವರಿಗೆ ಆತನ ಹೆಸರು ಗೊತ್ತು. 1935ರಲ್ಲಿ ಡಾ. ಬಾಬ್ ಸ್ಮಿತ್ ಎಂಬ ವೈದ್ಯರ ಜೊತೆ ಸೇರಿ ಕುಡಿತ ಬಿಡುವವರ ಸಂಘವಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಕಟ್ಟಿದವನು. 1934ರ ಡಿಸೆಂಬರ್‌ನಿಂದ 1971ರ ಜನವರಿಯಲ್ಲಿ ಸಾಯುವವರೆಗೆ, ಮೂವತ್ತಾರು ವರ್ಷ, ಒಂದು ಗುಟುಕು ಕುಡಿಯದವನು. ಇಷ್ಟು ಎಲ್ಲರೂ ಹೇಳುತ್ತಾರೆ. ಆ ಮೂವತ್ತಾರು ವರ್ಷಗಳು ಹೇಗಿದ್ದವು ಎಂಬುದನ್ನು ಮಾತ್ರ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಬಿಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ಅಪ್ಪ ಅಮೃತಶಿಲೆಯ ಕ್ವಾರಿಯಲ್ಲಿ ದುಡಿಯುವವನು. ಮಗನಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ ಆತ ಮನೆ ಬಿಟ್ಟು ದೂರದ ಪಶ್ಚಿಮಕ್ಕೆ ಹೋದ. ಅಮ್ಮ ಬಿಲ್‌ನನ್ನೂ ತಂಗಿಯನ್ನೂ ಕೆರೆಯ ದಂಡೆಗೆ ಬುತ್ತಿಯೂಟಕ್ಕೆಂದು ಕರೆದೊಯ್ದು, ಅಪ್ಪ ಇನ್ನು ಬರುವುದಿಲ್ಲ ಎಂದು ಅಲ್ಲೇ ತಿಳಿಸಿದಳು. ಸ್ವಲ್ಪ ದಿನಕ್ಕೆ ಅವಳೂ ಓದಲೆಂದು ಬಾಸ್ಟನ್‌ಗೆ ಹೊರಟುಹೋದಳು. ಮಕ್ಕಳು ಅಜ್ಜ ಅಜ್ಜಿಯ ಪಾಲಾದರು. ಅಜ್ಜ ಒಂದು ದಿನ, ಆಸ್ಟ್ರೇಲಿಯಾದ ಮೂಲನಿವಾಸಿಗಳನ್ನು ಬಿಟ್ಟರೆ ಬೂಮರಾಂಗ್ ಮಾಡುವುದು ಯಾರಿಂದಲೂ ಆಗದು ಎಂದು ಹೇಳಿದ್ದೇ ತಡ, ಹುಡುಗ ತಿಂಗಳುಗಟ್ಟಲೆ ಮರ ಕೆತ್ತಿದ. ಸರಿಯಾದ ಹಲಗೆ ಸಿಗದೆ ಕೊನೆಗೆ ತಾನು ಮಲಗುವ ಮಂಚದ ತಲೆಹಲಗೆಯನ್ನೇ ಗರಗಸದಿಂದ ಕೊಯ್ದ. ಎಸೆದ ಬೂಮರಾಂಗ್ ತಿರುಗಿ ಬಂತು. ಆಗದು ಎಂದದ್ದನ್ನು ಮಾಡಿಯೇ ತೀರುವುದು, ಅದಕ್ಕೆ ತನ್ನ ಮಂಚವನ್ನೇ ಕೊಯ್ಯುವುದು: ಈ ಸ್ವಭಾವವನ್ನು ಗುರುತಿಟ್ಟುಕೊಳ್ಳಿ.

ಹದಿನೇಳರ ಹೊಸ್ತಿಲಲ್ಲಿ, 1912ರಲ್ಲಿ, ಅವನು ಪ್ರೀತಿಸಿದ್ದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಬಿಲ್ ಕುಸಿದ. ಮುಂದೆ ಕಾಲೇಜಿನಲ್ಲಿ ಎದೆಬಡಿತ, ಉಸಿರು ಕಟ್ಟಿದಂತಾಗುವುದು, ಸತ್ತೇಹೋಗುತ್ತೇನೆ ಎಂಬ ದಿಗಿಲು. ವೈದ್ಯರು ನೋಡಿ ಹೃದಯಕ್ಕೆ ಏನೂ ಆಗಿಲ್ಲ ಎಂದರು. ನಿಜ, ಹೃದಯಕ್ಕೆ ಏನೂ ಆಗಿರಲಿಲ್ಲ.

1917ರಲ್ಲಿ, ಸೈನ್ಯದ ಎಳೆಯ ಅಧಿಕಾರಿಯಾಗಿ ಊರ ಶ್ರೀಮಂತರ ಔತಣಕೂಟಗಳಲ್ಲಿ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದವನ ಕೈಗೆ ಯಾರೋ ಗ್ಲಾಸು ಕೊಟ್ಟರು. ಒಳಗಿದ್ದ ಅಡ್ಡಗೋಡೆ ಕರಗಿತು, ತಾನೂ ಇವರಲ್ಲೊಬ್ಬ ಎನಿಸಿತು. ಅವನ ಭಯಕ್ಕೆ ಸಿಕ್ಕ ಮೊದಲ ಪರ್ಯಾಯ ಚಿಕಿತ್ಸೆ ಮದ್ಯವೇ. ಮೊದಮೊದಲು ಅದು ಕೆಲಸವನ್ನೂ ಮಾಡಿತು. ಕುಡುಕನನ್ನು ಕುರಿತು ಬರೆಯುವ ನೀತಿಬೋಧಕರು ಈ ಮಾತನ್ನು ನುಂಗಿಬಿಡುತ್ತಾರೆ. ಆದರೆ ಇದನ್ನು ಒಪ್ಪದವರಿಗೆ ಮುಂದಿನ ಕಥೆ ಅರ್ಥವಾಗಲಾರದು.

ಹದಿನೇಳು ವರ್ಷದಲ್ಲಿ ಆ ಮದ್ದು ಅವನ ಷೇರು ವ್ಯವಹಾರ, ಮಾನ, ಆರೋಗ್ಯ ಎಲ್ಲವನ್ನೂ ತಿಂದಿತು. 1934ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ, ಕೋಣೆಯೆಲ್ಲ ಬೆಳಕಾದಂತೆ ಕಂಡು, ಅಲ್ಲಿಂದಾಚೆ ಕುಡಿಯಲಿಲ್ಲ. ಅಲ್ಲಿನ ಚಿಕಿತ್ಸೆಯಲ್ಲಿ ಬೆಲ್ಲಡೋನಾ ಇತ್ತು. ಅದು ನಮ್ಮ ಉಮ್ಮತ್ತಿಯ ಕುಟುಂಬದ್ದೇ ಗಿಡ, ಇಲ್ಲದ್ದನ್ನು ಕಾಣಿಸುವ ಶಕ್ತಿಯುಳ್ಳದ್ದು. ಬೆಳಕು ದೇವರದ್ದೋ ಗಿಡದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ನನಗೆ ಮುಖ್ಯವಾಗಿ ಕಾಣುವುದು ಐದು ತಿಂಗಳ ನಂತರದ ಸಂಗತಿ. ಓಹಾಯೋದ ಆಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕೆಂದು ಹೋಗಿ ಸೋತು, ಹೋಟೆಲಿನ ಹಜಾರದಲ್ಲಿ ಒಂಟಿಯಾಗಿ ನಿಂತಾಗ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಬಿಲ್ ಫೋನಿನ ಕಡೆ ಹೋಗಿ, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಕೇಳಿದ. ಸಿಕ್ಕವರೇ ಡಾ. ಬಾಬ್. ತನಗಾದದ್ದನ್ನು ಇನ್ನೊಬ್ಬನಿಗೆ ಹೇಳಿದರೆ ತಾನೂ ಉಳಿಯುತ್ತೇನೆ ಎಂಬುದು ಅಲ್ಲಿ ಖಾತ್ರಿಯಾಯಿತು. ಎ.ಎ. ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ಕೊನೆಯದೂ ಅದೇ: ಈ ಮಾತನ್ನು ಇತರ ಕುಡುಕರಿಗೆ ಮುಟ್ಟಿಸು.

1944ರಿಂದ ಸುಮಾರು ಹನ್ನೊಂದು ವರ್ಷ ಬಿಲ್‌ನನ್ನು ಖಿನ್ನತೆ ಹಿಡಿಯಿತು. ಸಂಘ ಬೆಳೆಯುತ್ತಿದೆ, ಸಾವಿರಾರು ಜನ ಅವನು ಎ.ಎ.ಗಾಗಿ ಬರೆದ ಪುಸ್ತಕ ಓದಿ ಬದುಕಿಕೊಳ್ಳುತ್ತಿದ್ದಾರೆ. ಅವನೋ ಕಚೇರಿಯಲ್ಲಿ ಕಾರ್ಯದರ್ಶಿಯ ಎದುರು ಕುಳಿತು, ಎರಡೂ ಕೈಗಳಲ್ಲಿ ತಲೆ ಹಿಡಿದು, ಮಾತು ಹೊರಡದೆ ಅಳುತ್ತಿದ್ದ. ಮನೋವೈದ್ಯ ಹ್ಯಾರಿ ಟೀಬೌಟ್ ಅವರ ಬಳಿ ಹೋದ. ಅನುಯಾಯಿಗಳಲ್ಲಿ ಕೆಲವರಿಗೆ ಇದೇ ಅಪರಾಧವೆನಿಸಿತು. ಹನ್ನೆರಡು ಮೆಟ್ಟಿಲು ಕಟ್ಟಿದವನೇ ಹತ್ತಲಿಲ್ಲವೇ ಎಂದು ಕೊಂಕಾಡಿದರು. ನಮ್ಮ ‘ಈಗಲೂ ನಾಟಕವೇ’ಗೂ ಇದಕ್ಕೂ ಸಾಗರವೊಂದು ಅಡ್ಡವಿದೆಯೇ ಹೊರತು ಬೇರೆ ವ್ಯತ್ಯಾಸವಿಲ್ಲ.

1956ರ ಆಗಸ್ಟ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಡಾ. ಸಿಡ್ನಿ ಕೊಹೆನ್ ಅವರ ನಿಗಾದಲ್ಲಿ ಬಿಲ್ ಎಲ್‌ಎಸ್‌ಡಿ ತೆಗೆದುಕೊಂಡ. ಆಗ ಅದು ಕಾನೂನುಬಾಹಿರವಲ್ಲ. ಸ್ಯಾಂಡೋಜ್ ಕಂಪನಿ ಸಂಶೋಧಕರಿಗೆ ಕಳಿಸುತ್ತಿದ್ದ ಔಷಧ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂಫ್ರಿ ಆಸ್ಮಂಡ್ ಮತ್ತು ಏಬ್ರಾಂ ಹಾಫರ್ ಎಂಬ ಮನೋವೈದ್ಯರು ಅದನ್ನು ಕುಡಿತದ ರೋಗಿಗಳಿಗೆ ಕೊಡುತ್ತಿದ್ದರು. ಬಿಲ್‌ಗೆ ಟೌನ್ಸ್ ಆಸ್ಪತ್ರೆಯ ಬೆಳಕು ನೆನಪಾಯಿತು, ಮನಸ್ಸು ಹಗುರಾಯಿತು. ಗೆಳೆಯರನ್ನೂ ಕರೆದ, ಹೆಂಡತಿ ಲೋಯಿಸ್ ಕೂಡ ತೆಗೆದುಕೊಂಡಳು. ಅಮಲು ಬಿಡಿಸುವ ಸಂಘದ ಸ್ಥಾಪಕನೇ ಹೀಗೆ ಮಾಡಿದ್ದರಿಂದ ಸಂಘದಲ್ಲಿ ಗುಲ್ಲೆದ್ದಿತು. ಕೆಲವು ವರ್ಷಗಳಲ್ಲಿ ಅವನು ಅದನ್ನು ಕೈಬಿಟ್ಟ.

ಆಮೇಲೆ ಬಂದದ್ದು ನಯಾಸಿನ್, ಅಂದರೆ ಬಿ-3 ಜೀವಸತ್ವ. ಹಾಫರ್ ಸಲಹೆಯಂತೆ ದಿನಕ್ಕೆ ಮೂರು ಗ್ರಾಂ ನುಂಗತೊಡಗಿದ. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾಗುವುದು ಸುಮಾರು 16 ಮಿಲಿಗ್ರಾಂ. ಇದು ಅದರ ನೂರೆಂಬತ್ತು ಪಟ್ಟಿಗೂ ಹೆಚ್ಚು. ಎರಡು ವಾರದಲ್ಲಿ ಆಯಾಸ, ಮಂಕು ಇಳಿಯಿತಂತೆ. ಸುಮ್ಮನಿರುವ ಜಾಯಮಾನವೇ ಅಲ್ಲವಲ್ಲ! ಹಾಫರ್ ಬರೆದಿಟ್ಟಂತೆ, ಎ.ಎ.ಯ ಮೂವತ್ತು ಗೆಳೆಯರಿಗೆ ಕೊಟ್ಟ. ಒಂದು ತಿಂಗಳಲ್ಲಿ ಹತ್ತು ಜನಕ್ಕೆ ಗುಣ, ಎರಡನೆಯ ತಿಂಗಳಲ್ಲಿ ಇನ್ನು ಹತ್ತು, ಉಳಿದ ಹತ್ತು ಜನಕ್ಕೆ ಏನೂ ಇಲ್ಲ. ಹೋಲಿಸಿ ನೋಡಲು ಬರಿ ಮಾತ್ರೆ ನುಂಗಿದ ಇನ್ನೊಂದು ಗುಂಪು ಇರಲಿಲ್ಲ. ಕೊಟ್ಟವನು ಅವರೆಲ್ಲ ಪ್ರಾಣದಂತೆ ಪ್ರೀತಿಸುವ ಬಿಲ್. ಅವನ ಕೈಯಿಂದ ಸಕ್ಕರೆ ಗುಳಿಗೆ ಕೊಟ್ಟರೂ ಅರ್ಧ ಜನ ಚೇತರಿಸಿಕೊಳ್ಳುತ್ತಿದ್ದರು ಎಂಬುದು ನನ್ನ ಅನುಮಾನ. ಎ.ಎ.ಯಲ್ಲಿದ್ದ ವೈದ್ಯರಿಗೆ 1965ರಿಂದ ಈ ಬಗ್ಗೆ ಕಿರುಹೊತ್ತಗೆಗಳನ್ನು ಕಳಿಸಿದ. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ತಂಡವೊಂದು ಭಾರಿ ಪ್ರಮಾಣದ ಜೀವಸತ್ವ ಚಿಕಿತ್ಸೆಯನ್ನು ಪರಿಶೀಲಿಸಿ, ಹೇಳಿಕೊಳ್ಳುವಷ್ಟು ಪುರಾವೆಯಿಲ್ಲ ಎಂದು ತಳ್ಳಿಹಾಕಿತು. ಅಷ್ಟು ನಯಾಸಿನ್ ಯಕೃತ್ತಿಗೆ ಪೆಟ್ಟು ಕೊಡಬಲ್ಲದು. ಕುಡಿದವನಲ್ಲಿ ಮೊದಲು ಕೆಟ್ಟಿರುವುದೂ ಅದೇ. ಕುಡಿತದ ರೋಗಿಗೆ ಆಸ್ಪತ್ರೆಯಲ್ಲಿ ತಪ್ಪದೆ ಕೊಡುವ ಜೀವಸತ್ವವೊಂದಿದೆ. ಆದರೆ ಅದು ಬಿ-1, ಮಿದುಳು ಉಳಿಸಲು.

ಈಗ ತೀರ್ಪಿಗೆ ಬರೋಣ. ಹುಡುಕಿದ್ದಕ್ಕೆ ಬಿಲ್‌ನನ್ನು ತಪ್ಪಿತಸ್ಥ ಎನ್ನಲು ನನ್ನಿಂದಾಗದು. ನೋವಿರುವವನು ಮದ್ದು ಹುಡುಕುತ್ತಾನೆ. ಮದ್ದು ವಿಚಿತ್ರವಾಗಿ ಕಂಡ ಮಾತ್ರಕ್ಕೆ ಸುಳ್ಳೂ ಅಲ್ಲ. ಫ್ರಾನ್ಸೀನ್ ಶಪೀರೋ 1987ರಲ್ಲಿ ನಡೆದಾಡುತ್ತ, ಕಣ್ಣು ಅತ್ತಿತ್ತ ಹೊರಳಿದಾಗ ಕಾಡುವ ಯೋಚನೆ ಮಂದವಾಗುವುದನ್ನು ಗಮನಿಸಿದರು. ನಗೆಪಾಟಲಾಗಬಹುದಾಗಿದ್ದ ಆ ಹೊಳಹಿನಿಂದ ಬೆಳೆದ ಇಎಂಡಿಆರ್ ಚಿಕಿತ್ಸೆಯನ್ನು ಪರೀಕ್ಷೆಗಳ ನಂತರ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ರೋಗಿಗಳಿಗೆ ಶಿಫಾರಸು ಮಾಡಿತು. ಎಲ್‌ಎಸ್‌ಡಿಯ ಹಳೆಯ ಪ್ರಯೋಗಗಳನ್ನು 2012ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ ಕುಡಿತ ತಗ್ಗಿಸುವಲ್ಲಿ ಪ್ರಯೋಜನದ ಸುಳಿವೂ ಕಂಡಿತು. ಬಿಲ್ ಪೂರ್ತಿ ದಾರಿ ತಪ್ಪಿರಲಿಲ್ಲ.

ಅವನ ತೊಡಕು ಅವನ ಸದ್ಗುಣದಲ್ಲೇ ಇತ್ತು. ‘ನನಗೆ ಹೀಗಾಯಿತು’ ಎಂದು ಸಭೆಯಲ್ಲಿ ಹೇಳಿದರೆ ಕೇಳುವವನು ತನಗೆ ಬೇಕಾದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಟ್ಟು ಹೋಗುತ್ತಾನೆ. ಮಾತಿನ ಡೋಸು ಕೇಳುವವನ ಕೈಯಲ್ಲಿದೆ. ‘ನನಗೆ ಗುಣವಾಯಿತು, ನೀನೂ ನುಂಗು’ ಎಂದಾಗ ಹಾಗಲ್ಲ. ಮಾತ್ರೆಯ ಪೆಟ್ಟು ನಂಬಿಕೆ ನೋಡಿ ಬೀಳುವುದಿಲ್ಲ, ಯಕೃತ್ತು ನೋಡಿ ಬೀಳುತ್ತದೆ. ಆಕ್ರನ್‌ನಲ್ಲಿ ಇಬ್ಬರನ್ನು ಉಳಿಸಿದ ಗುಣವೇ ಇಲ್ಲಿ ಎಡವಿತು. ಅವನ ಸಂಘದವರು ಮಾಡಿದ್ದು ನನಗೆ ಬಹಳ ಹಿಡಿಸುತ್ತದೆ. ಹೊರಗಿನ ವಿಷಯಗಳಲ್ಲಿ ಸಂಘಕ್ಕೆ ಅಭಿಪ್ರಾಯವಿಲ್ಲ ಎಂಬ ತಮ್ಮ ನಿಯಮದಂತೆ, ನಯಾಸಿನ್ ಪತ್ರಗಳಿಗೆ ಸಂಘದ ಹೆಸರಿನ ಕಾಗದವನ್ನೂ ವಿಳಾಸವನ್ನೂ ಬಳಸಬೇಡ ಎಂದು ಬಿಲ್‌ಗೆ ಹೇಳಿದರು. ಉಚ್ಚಾಟಿಸಲಿಲ್ಲ, ಹೀಯಾಳಿಸಲೂ ಇಲ್ಲ. ಹುಡುಕು, ನಮ್ಮ ಲೆಟರ್‌ಹೆಡ್ಡಿನಲ್ಲಿ ಬೇಡ ಎಂದರು, ಅಷ್ಟೇ. ಗುರುವಿಗೆ ಇಷ್ಟು ಹೇಳಬಲ್ಲ ಶಿಷ್ಯರು ನಮ್ಮಲ್ಲಿ ಎಷ್ಟು ಮಂದಿ?

ಕೊನೆಗಾಲದಲ್ಲಿ, ಸಿಗರೇಟಿನಿಂದ ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದಿದ್ದಾಗ, ಬಿಲ್ ಕೆಲವು ಬಾರಿ ವಿಸ್ಕಿ ಕೇಳಿದ್ದನ್ನು ದಾದಿಯರು ದಿನಚರಿಯಲ್ಲಿ ಬರೆದಿದ್ದಾರೆ, ಕೊಡಲಿಲ್ಲ. ಅವನ ಜೀವನಚರಿತ್ರೆ ಬರೆದ ಸೂಸನ್ ಚೀವರ್ ಇದನ್ನು ಬಯಲಿಗಿಟ್ಟಾಗ ಕೆಲವರು ಕಪಟ ಬಯಲಾಯಿತೆಂದು ಹಿಗ್ಗಿದರು. ಉಸಿರಿಗೆ ಒದ್ದಾಡುವ ಮುದುಕನಿಗೆ ತನ್ನ ಭಯದ ಮೊದಲ ಮದ್ದು ನೆನಪಾದದ್ದರಲ್ಲಿ ನನಗೆ ಕಪಟ ಕಾಣುವುದಿಲ್ಲ.

ನಮ್ಮಲ್ಲಿ ಈ ಹುಡುಕಾಟ ಬೇರೆ ರೂಪದಲ್ಲಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಯೋಗ, ಭಜನೆ ಇವೆ. ಬಿಟ್ಟವರು ಊರಿಗೆ ಮರಳಿದ ಮೇಲೆ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ನಿಮ್ಹಾನ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರುವತ್ತು ರೋಗಿಗಳಿಗೆ ಮೊದಲು ಒಂದು ವಾರ ನಂಜಿಳಿಸಿ, ಆಮೇಲೆ ಅರ್ಧ ಜನಕ್ಕೆ ಎರಡು ವಾರ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ ಮಾಡಿಸಿದರು. ಖಿನ್ನತೆ ಅವರಲ್ಲಿ ಹೆಚ್ಚು ಇಳಿಯಿತು. ಯೋಗ ಮಾಡದವರಲ್ಲೂ ಇಳಿದಿತ್ತು ಎಂಬುದನ್ನು ಪ್ರಚಾರಕರು ಹೇಳುವುದಿಲ್ಲ. ಮೊದಲ ವಾರವನ್ನು ಆಸ್ಪತ್ರೆಗೆ ಬಿಟ್ಟ ಕ್ರಮವನ್ನೂ ಹೇಳುವುದಿಲ್ಲ. ದಿನವೂ ಕುಡಿಯುತ್ತಿದ್ದವನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು. ಅಲ್ಲಿ ಪ್ರಾಣಾಯಾಮ ಸಾಲದು. ಮೊದಲ ವಾರಗಳ ದಿಗಿಲು ಬಹುಪಾಲು ಕುಡಿತ ಇಳಿಯುವಾಗಿನದು, ತಾನಾಗಿ ತಗ್ಗುತ್ತದೆ. ತಗ್ಗದೆ ಉಳಿದದ್ದಕ್ಕೆ ಬೇರೆ ಚಿಕಿತ್ಸೆ ಬೇಕು.

ಇನ್ನು ಬಸ್ ನಿಲ್ದಾಣದ ಗೋಡೆಗಳ ಜಾಹೀರಾತುಗಳಲ್ಲಿ ಕಾಣುವ ಆ ಪುಡಿ: ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಬಹುದು. ಅದರಲ್ಲಿ ಏನಿದೆಯೆಂದು ಪೊಟ್ಟಣ ಹೇಳುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಏನಾದರೂ ಇದ್ದರೆ, ಮೇಲೆ ಕುಡಿದವನಿಗೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ, ಪ್ರಾಣಕ್ಕೂ ಬರಬಹುದು. ವೈದ್ಯರು ಆ ಮಾತ್ರೆಯನ್ನು ರೋಗಿಗೆ ವಿವರಿಸಿ, ಒಪ್ಪಿಗೆ ಪಡೆದು ಕೊಡುತ್ತಾರೆ. ಪೆಟ್ಟು ತಿಂದು ತಿಂದು ಕೊನೆಗೆ ಆ ಪುಡಿ ಕೊಂಡು ಸಾರಿಗೆ ಹಾಕಿದ ಹೆಂಡತಿಯನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮಾರಿದವನ ಮಾತು ಬೇರೆ. ಬಿಲ್‌ನ ಮೂವತ್ತು ಗೆಳೆಯರಿಗೆ ತಾವು ನುಂಗುತ್ತಿರುವುದು ಏನೆಂದಾದರೂ ಗೊತ್ತಿತ್ತು; ಬಿಲ್ ಅದನ್ನು ಮೊದಲು ತಾನು ನುಂಗಿದ್ದ.