ಇರುವವರ ಲೆಕ್ಕ

ಪರದೇಶಕ್ಕೆ ಹೋಗಿಬರಬೇಕೆಂದು ಮನಸ್ಸು ಮಾಡಿದ ನಮ್ಮಂತಹ ಮಧ್ಯಮವರ್ಗದವರು ಪೆಟ್ಟಿಗೆಯನ್ನು ಕೊಳ್ಳುವುದಕ್ಕೆ ಮೊದಲು ಒಂದು ನೋಟುಬುಕ್ಕನ್ನು ಕೊಳ್ಳುತ್ತೇವೆ. ನಾನೂ ಕೊಂಡೆ. ಅದರ ಮೊದಲ ಪುಟದಲ್ಲಿ ‘ಇಂಗ್ಲೆಂಡು ಮತ್ತು ಯುರೋಪು, ನಲವತ್ತು ದಿನ, ಇಬ್ಬರಿಗೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಾಗ ಅರ್ಧ ದಾರಿಯನ್ನು ಆಗಲೇ ಕ್ರಮಿಸಿದಷ್ಟು ಸಂತೋಷವಾಯಿತು. ಅಂದಾಜುಪಟ್ಟಿ ಬರೆಯುವುದರಲ್ಲಿ ಒಂದು ಬಗೆಯ ಸುಖವಿದೆ; ಬಲ್ಲವರೇ ಬಲ್ಲರು. ಪಾಸ್‌ಪೋರ್ಟಿಗೆ ತಲಾ 1,500 ರೂಪಾಯಿ. ವೀಸಾ ಎರಡು ಬಗೆ: ಇಂಗ್ಲೆಂಡಿನದು ಒಂದು, ಯುರೋಪಿನ ಷೆಂಗೆನ್ ದೇಶಗಳದು ಇನ್ನೊಂದು. ಎರಡನೆಯದಕ್ಕೆ ಕಡಮೆಯೆಂದರೂ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಬೇಕು. ಆಮೇಲೆ ವಿಮಾನ, ವಸತಿ, ರೈಲು, ಊಟ, ಬರುವಾಗ ನೆರೆಹೊರೆಯವರಿಗೆ ತರಬೇಕಾದ ಚಾಕೊಲೇಟು. ಎಲ್ಲಕ್ಕೂ ಕೆಳಗೆ ‘ಆಕಸ್ಮಿಕ’ ಎಂದು ನೂರಕ್ಕೆ ಹತ್ತು. ಒಟ್ಟು 6,40,000 ರೂಪಾಯಿ. ಬ್ಯಾಂಕಿನ ಪುಸ್ತಕದಲ್ಲಿ ಅದಕ್ಕಿಂತ ತುಸು ಹೆಚ್ಚೇ ಇತ್ತು. ಹನ್ನೆರಡು ವರ್ಷಗಳ ಉಳಿತಾಯ.

ಲಂಡನ್ನೇ ಏಕೆಂದು ವಾಚಕರು ಕೇಳಬಹುದು. ನಾನು ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದವನು. ಕಲಬುರ್ಗಿಯಲ್ಲಿ ಎಂ.ಎ. ಓದುವಾಗ ಗೆಳೆಯರೆಲ್ಲ ನನ್ನನ್ನು ‘ವಜ್ರ’ ಎಂದೇ ಕರೆಯುತ್ತಿದ್ದರು. ನಮ್ಮೂರಿಗೂ ಆ ವಜ್ರಕ್ಕೂ ಹೆಸರಿನ ಹೊರತು ಬೇರೆ ನಂಟನ್ನು ನಾನು ಕಾಣೆ; ಆದರೂ ಒಮ್ಮೆ ಹೋಗಿ ನೋಡಿಬರಬೇಕೆಂಬ ಹುಚ್ಚು ಅಂದಿನಿಂದ ಹತ್ತಿತ್ತು. 1849ರಲ್ಲಿ ಲಾಹೋರಿನ ಒಪ್ಪಂದವೆಂಬ ಹೆಸರಿನಲ್ಲಿ ಹತ್ತು ವರ್ಷದ ಹುಡುಗ ದುಲೀಪ್ ಸಿಂಗನಿಂದ ಅದನ್ನು ಪಡೆದರು. ಮರುವರ್ಷ ಅದು ಲಂಡನ್ನು ಮುಟ್ಟಿತು. 1852ರಲ್ಲಿ ಹೊಸದಾಗಿ ಸಾಣೆ ಹಿಡಿಸಿದಾಗ 186 ಕ್ಯಾರೆಟ್ಟಿದ್ದುದು 105ರಷ್ಟಕ್ಕೆ ಇಳಿಯಿತು. (ದೂರಪ್ರಯಾಣ ಎಂಥವರನ್ನೂ ಸೊರಗಿಸುತ್ತದೆ.) ಇದಲ್ಲದೆ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಿಂದ ನಮ್ಮ ಬಸವಣ್ಣನವರ ಪ್ರತಿಮೆಯೂ ಇದೆ. ಕಲ್ಯಾಣದಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಷ್ಟು ನೆಪ ಸಾಲದೆ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಟುಬುಕ್ಕೂ ಚೀಲದಲ್ಲಿತ್ತು. ಊರಿನಲ್ಲಿ ನಮ್ಮ ಮನೆಗೆ ಮೂರು ತಲೆಮಾರಿನ ಬಟ್ಟೆ ಹೊಲಿದುಕೊಟ್ಟ ದರ್ಜಿ ಚಾಚಾ ಒಬ್ಬರಿದ್ದಾರೆ. ಈಗ ಕಣ್ಣು ಮಂದವಾಗಿ ಮಿಷನ್ನನ್ನು ಮಗನಿಗೆ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಮುಂದೆ ನನ್ನ ಪಟ್ಟಿಯನ್ನು ಒಂದೊಂದೇ ಬಾಬ್ತು ಹೇಳಿ ಓದಿದೆ. ಸ್ವಲ್ಪ ಹೆಮ್ಮೆಯಿಂದಲೇ ಓದಿದೆನೆಂದು ಒಪ್ಪಿಕೊಳ್ಳಬೇಕು. ಅವರು ಕೊನೆಯ ತನಕ ಕೇಳಿ, “ಮಾಸ್ತರ್, ಇದು ಹೋಗೋರ ಹಿಸಾಬ್ ಆಯ್ತು. ಇರೋರ ಹಿಸಾಬ್ ಎಲ್ಲದ?” ಎಂದರು.

ನಾನು ತಬ್ಬಿಬ್ಬಾದೆ. ಆದರೆ ಹಾಗೆ ಕೇಳುವ ಅಧಿಕಾರ ಅವರಿಗಿತ್ತು. ಇಪ್ಪತ್ತು ವರ್ಷಗಳ ಹಿಂದೆ ಅವರು ಹಜ್ ಯಾತ್ರೆಗೆ ಹೋಗಿಬಂದವರು. ನನಗೆ ಆ ಸಂಜೆ ಚೆನ್ನಾಗಿ ನೆನಪಿದೆ. ಹೈದರಾಬಾದಿನಿಂದ ವಿಮಾನ ಹತ್ತುವುದಕ್ಕೆ ಇನ್ನು ಎಂಟು ದಿನವಿರುವಾಗ ಅವರು ನಮ್ಮ ಮನೆಗೆ ಬಂದರು. ನಮ್ಮಪ್ಪ ಕೂಡ್ರಿ ಎಂದರೂ ಕೂಡ್ರಲಿಲ್ಲ. “ಗೌಡ್ರೆ, ಮೂವತ್ತು ವರ್ಷ ನಿಮ್ಮ ಮನೀ ಅರಿವಿ ಹೊಲದೀನಿ. ಉಳದ ತುಂಡು ಒಮ್ಮೆಯೂ ತಿರುಗಿ ಕೊಟ್ಟಿಲ್ಲ. ನನ್ನ ಮಕ್ಕಳಿಗಿ ಟೋಪಿ ಹೊಲದೀನಿ, ಕೌದಿ ಹೊಲದೀನಿ. ಅದರ ಕಿಮ್ಮತ್ತರ ಹೇಳ್ರಿ, ಇಲ್ಲ ಮಾಫ್ ಮಾಡೀನಿ ಅನ್ರಿ” ಎಂದು ನಿಂತೇ ಕೇಳಿದರು. ಅಪ್ಪ ನಕ್ಕುಬಿಟ್ಟರು. ಚಾಚಾ ನಗಲಿಲ್ಲ. ‘ಮಾಫ್ ಮಾಡೀನಿ’ ಎಂಬ ಮಾತು ಅಪ್ಪನ ಬಾಯಿಂದ ಹೊರಡುವ ತನಕ ಬಾಗಿಲ ಬಳಿಯೇ ನಿಂತಿದ್ದು, ಆಮೇಲೆ ಮುಂದಿನ ಮನೆಗೆ ನಡೆದರು. ಆ ವಾರವೆಲ್ಲ ಹೀಗೆಯೇ ಮನೆ ಮನೆ ತಿರುಗಿದರು.

ಅದರ ಹಿಂದಿನ ನಿಯಮವನ್ನು ಅವರೇ ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. ಹಜ್ ಎಲ್ಲರ ಮೇಲೂ ಕಡ್ಡಾಯವಲ್ಲ, ‘ಇಸ್ತಿತಾಅತ್’ ಉಳ್ಳವರ ಮೇಲೆ ಮಾತ್ರ. ಇಸ್ತಿತಾಅತ್ ಎಂದರೆ ಸಾಮರ್ಥ್ಯ. ಆದರೆ ಅದು ದಾರಿಯ ಬುತ್ತಿಗೂ ವಾಹನಕ್ಕೂ ಸಾಕಾಗುವಷ್ಟು ಹಣವಿದ್ದ ಮಾತ್ರಕ್ಕೆ ಬರುವುದಿಲ್ಲ. ಮೊದಲು ಸಾಲ ತೀರಬೇಕು. ತನ್ನನ್ನು ನಂಬಿದವರಿಗೆ ತಾನು ತಿರುಗಿ ಬರುವ ತನಕ ಊಟಬಟ್ಟೆಗೆ ತೆಗೆದಿಡಬೇಕು. ಇಷ್ಟನ್ನು ಕಳೆದು ಉಳಿದುದೇ ಬುತ್ತಿ. ಚಾಚಾ ಹತ್ತೊಂಬತ್ತು ವರ್ಷ ಕೂಡಿಟ್ಟಿದ್ದರು. ನಡುವೆ ಎರಡು ಸಲ ಹಣ ಪೂರ್ತಿಯಾಗಿತ್ತು. ಒಮ್ಮೆ ಮಗಳ ಮದುವೆ ಬಂತು, ಇನ್ನೊಮ್ಮೆ ಅಣ್ಣನ ಕಾಲಿನ ಶಸ್ತ್ರಚಿಕಿತ್ಸೆ. ಎರಡು ಸಲವೂ ಡಬ್ಬಿ ಬರಿದಾಯಿತು, ಎರಡು ಸಲವೂ ಮೊದಲಿನಿಂದ ಎಣಿಸಿದರು.

ನನ್ನ ನೋಟುಬುಕ್ಕಿನ ಲೆಕ್ಕ ಹೀಗಿರಲಿಲ್ಲ. ನನ್ನಲ್ಲಿ ಇಷ್ಟಿದೆ, ಪ್ರವಾಸಕ್ಕೆ ಇಷ್ಟು ಬೇಕು, ಇದ್ದುದು ಬೇಕಾದುದಕ್ಕಿಂತ ಹೆಚ್ಚು, ಆದ್ದರಿಂದ ನಾನು ಹೋಗಬಲ್ಲೆ. ವೀಸಾ ಕೊಡುವ ಕಚೇರಿಯೂ ಹೀಗೆಯೇ ಯೋಚಿಸುತ್ತದೆ. ಅದು ಬ್ಯಾಂಕಿನ ಲೆಕ್ಕವನ್ನು ಕೇಳುತ್ತದೆ, ಹಣ ಎಲ್ಲಿಂದ ಬಂತೆಂದು ಕೇಳುತ್ತದೆ, ನೀನು ನಿನ್ನ ದೇಶಕ್ಕೆ ಖಂಡಿತ ಹಿಂದಿರುಗುತ್ತೀಯಾ ಎಂದು ಕೇಳುತ್ತದೆ. ಆ ಹಣದ ಮೇಲೆ ಇನ್ನಾರಿಗಾದರೂ ಹಕ್ಕಿದೆಯೆ ಎಂದು ಕೇಳುವುದಿಲ್ಲ. ಕೇಳಬೇಕಾದ ಕೆಲಸ ಅದರದೂ ಅಲ್ಲ.

ಅಂದು ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ನಿದ್ದೆ ಬರಲಿಲ್ಲ. ನಮ್ಮದು ಎಂಟು ಎಕರೆ ಹೊಲ. ತಮ್ಮ ಉಳುತ್ತಾನೆ. ತೊಗರಿ, ಸೋಯಾ, ಸ್ವಲ್ಪ ಜೋಳ. ಪ್ರತಿ ವರ್ಷ ನನ್ನ ಪಾಲೆಂದು ಒಂದು ಮೊತ್ತ ನನ್ನ ಖಾತೆಗೆ ಬಂದು ಬೀಳುತ್ತದೆ. ಎರಡು ವರ್ಷ ಮಳೆ ಹೆಚ್ಚಾಗಿ ಸೋಯಾ ಹೊಲದಲ್ಲೇ ಕೊಳೆತುಹೋಗಿತ್ತು. ಅದು ನನಗೆ ಗೊತ್ತಿತ್ತು. ಪತ್ರಿಕೆಯಲ್ಲಿ ಓದಿದ್ದೆ, ಫೋನಿನಲ್ಲಿ ಅವನೇ ಹೇಳಿದ್ದ. ಆ ಎರಡು ವರ್ಷವೂ ನನ್ನ ಪಾಲು ತಪ್ಪದೆ ಬಂತು. ಎಲ್ಲಿಂದ ತಂದು ಕಳಿಸಿದೆಯೋ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲದೆ ಕೇಳದಿರುವುದು ಒಂದು, ಗೊತ್ತಾಗಿಬಿಡುವುದೆಂದು ಕೇಳದಿರುವುದು ಇನ್ನೊಂದು. ನನ್ನದು ಎರಡನೆಯದು. ಅವ್ವನಿಗೆ ಎಪ್ಪತ್ತೆಂಟು, ಮಂಡಿ ನೋವು, ಸಕ್ಕರೆ ಕಾಯಿಲೆ. ಅವಳು ತಮ್ಮನ ಮನೆಯಲ್ಲಿರುವಳೆಂದು ನಾವು ಹೇಳುತ್ತೇವೆ. ಎಂದರೆ ತಮ್ಮನ ಹೆಂಡತಿಯ ಕೈಯಲ್ಲಿದ್ದಾಳೆ. ನನ್ನ ಆರು ಲಕ್ಷ ನಲವತ್ತು ಸಾವಿರದಲ್ಲಿ ಆ ಕೈಗಳ ಬಾಬ್ತು ಎಲ್ಲಿಯೂ ಇರಲಿಲ್ಲ. ‘ಆಕಸ್ಮಿಕ’ ಎಂಬಲ್ಲಿಯೂ ಇರಲಿಲ್ಲ.

ಆದರೆ ವಾದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಎಲ್ಲ ಋಣವೂ ತೀರಿದ ಮೇಲೆಯೇ ಹೊರಡಬೇಕೆಂದರೆ ಲೋಕದಲ್ಲಿ ಯಾರು ಹೊರಟಾರು? ನಮ್ಮ ಬೀದರಿಗೇ ಬಂದಿದ್ದ ಒಬ್ಬ ಪ್ರವಾಸಿಯನ್ನು ನೋಡಿ. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿನಲ್ಲಿ, ಬಹಮನಿ ರಾಜ್ಯದಲ್ಲಿ ಮಹಮೂದ್ ಗವಾನ್ ಮಂತ್ರಿಯಾಗಿದ್ದ ಕಾಲದಲ್ಲಿ, ಬೀದರಿನಲ್ಲಿದ್ದನು. ಅವನು ಭಾರತಕ್ಕೆಂದು ಮನೆ ಬಿಟ್ಟವನೇ ಅಲ್ಲ. ವೋಲ್ಗಾ ನದಿಯ ಮುಖದ ಹತ್ತಿರ ದರೋಡೆಯಾಗಿ ಸರಕೆಲ್ಲ ಹೋಯಿತು. ಜೊತೆಗಾರರಲ್ಲಿ ಊರಿನಲ್ಲಿ ಏನಾದರೂ ಇದ್ದವರು ಊರಿಗೆ ಮರಳಿದರು, ಊರಿನಲ್ಲಿ ಸಾಲವಿದ್ದವರು ಕಣ್ಣು ಹೋದ ಕಡೆ ನಡೆದರು ಎಂದು ಅವನೇ ಬರೆದಿಟ್ಟಿದ್ದಾನೆ. ಅಂದರೆ ಸಾಲವೇ ಅವನನ್ನು ಇಲ್ಲಿಯವರೆಗೆ ಅಟ್ಟಿಕೊಂಡು ಬಂತು. ಮಾರಿ ಲಾಭ ಮಾಡಬೇಕೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದ. ಜುನ್ನರವನ್ನು ಮುಟ್ಟುವಷ್ಟರಲ್ಲಿ ನೂರು ರೂಬಲ್ ತಗಲಿತೆನ್ನುತ್ತಾನೆ. ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆಂದ. ಪುಣ್ಯಾತ್ಮನೊಬ್ಬ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದ. ಒಂದು ವರ್ಷ ಸಾಕಿದ ಆ ಕುದುರೆಯ ಮೇಲೆ 68 ಫುತೂನ್ ಖರ್ಚಾಯಿತೆಂದು ಬರೆಯುವುದನ್ನು ಮರೆಯಲಿಲ್ಲ. ಹಿಂದಿರುಗುವಾಗ ದಾಭೋಳದಿಂದ ಹೊರ್ಮುಜಿಗೆ ಎರಡು ಚಿನ್ನದ ನಾಣ್ಯ. ತ್ರೆಬಿಜೊಂಡಿನಲ್ಲಿ ಮತ್ತೆ ಸಾಮಾನು ಕಳೆದುಕೊಂಡು, ಕಪ್ಪುಸಮುದ್ರ ದಾಟಲು ಒಂದು ಚಿನ್ನದ ನಾಣ್ಯಕ್ಕೆ ಮಾತಾಡಿ, ದಾರಿಯ ಊಟಕ್ಕೆ ಇನ್ನೊಂದನ್ನು ಕಾಫಾ ಪಟ್ಟಣದಲ್ಲಿ ತೀರಿಸುವುದಾಗಿ ಕಡ ತೆಗೆದುಕೊಂಡ. ಊರು ಮುಟ್ಟಲಿಲ್ಲ. ಸ್ಮೋಲೆನ್ಸ್ಕಿನ ಈಚೆಗೇ ತೀರಿಕೊಂಡನೆಂದು ಅಲ್ಲಿಯ ವೃತ್ತಾಂತ ಹೇಳುತ್ತದೆ.

ಇಂತಹವನನ್ನು ಚಾಚಾನ ನಿಯಮದಿಂದ ಅಳೆದರೆ ಅವನು ಹೊರಡಲೇಬಾರದಾಗಿತ್ತು. ಹೊರಡದಿದ್ದರೆ ಅಂದಿನ ಬೀದರಿನ ಬೀದಿ, ಸುಲ್ತಾನನ ಮೆರವಣಿಗೆ, ನಮ್ಮ ಪಕ್ಕದ ಆಳಂದದ ಜಾತ್ರೆ, ಇವನ್ನೆಲ್ಲ ಕಂಡ ಒಂದು ಜೋಡಿ ಕಣ್ಣು ನಮಗೆ ಇಲ್ಲವಾಗುತ್ತಿತ್ತು. ಕೆಲವು ಪ್ರವಾಸಗಳನ್ನು ಋಣಭಾರದ ಮೇಲೆಯೇ ಮಾಡಬೇಕಾಗುತ್ತದೆ. ಹೊಟ್ಟೆಪಾಡಿಗಾಗಿ ದುಬೈಗೆ ಹೋದ ನಮ್ಮ ಕಡೆಯ ಹುಡುಗರನ್ನು ಯಾರು ತಪ್ಪೆನ್ನುತ್ತಾರೆ? ಆದರೆ ನಿಕಿತಿನ್ನನ ಕಥೆಯನ್ನು ನಿಕಿತಿನ್ ಬರೆದ. ತ್ವೇರಿನಲ್ಲಿ ಅವನಿಗೆ ಸರಕನ್ನು ಕಡ ಕೊಟ್ಟು ಕಾದವರ ಕಥೆಯನ್ನು ನಾವಾರೂ ಓದುವುದಿಲ್ಲ. ಮತ್ತು ನಾನು ನಿಕಿತಿನ್ ಅಲ್ಲ. ನನ್ನನ್ನು ಯಾರೂ ಅಟ್ಟಲಿಲ್ಲ. ವಜ್ರ ನೋಡುವ ಚಪಲಕ್ಕೆ ಹೊರಟವನು.

ಬಸವಕಲ್ಯಾಣಕ್ಕೆ ಮರಳಿ ನನ್ನ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ತಮ್ಮನು ಆ ಎರಡು ವರ್ಷ ಕಳಿಸಿದ ಹಣವನ್ನು ಬಡ್ಡಿಸಹಿತ ತಿರುಗಿ ಕೊಟ್ಟುಬಿಡೋಣ, ಅವ್ವನ ಹೆಸರಿಗೆ ಒಂದು ಲಕ್ಷ ಇಡೋಣ, ಉಳಿದುದರಲ್ಲಿ ಯುರೋಪನ್ನು ಬಿಟ್ಟು ಲಂಡನ್ನಿಗೆ ಮಾತ್ರ ಹೋಗಿಬರೋಣ ಎಂದೆ. ಆಯ್ದಕ್ಕಿ ಮಾರಯ್ಯನ ಕಥೆಯನ್ನೂ ತಂದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆತ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದನಂತೆ. ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಗೇ ಸುರಿದುಬರಲು ಕಳಿಸಿದಳಂತೆ. ನಾವೂ ಹೆಚ್ಚಿನ ಅಕ್ಕಿಯನ್ನು ಸುರಿದುಬಿಡೋಣ ಎಂದೆ. ತರಗತಿಯಲ್ಲಿ ಈ ಕಥೆ ಚೆನ್ನಾಗಿ ನಡೆಯುತ್ತದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಲಕ್ಕಮ್ಮ ಅಕ್ಕಿ ಸುರೀರಿ ಅಂದ್ಳು. ಸುರದು ಹಗೂರ ಮಾಡ್ಕೊಂಡು ತಿರಗಲಕ್ಕ ಹೋಗರಿ ಅಂದಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನೀವು ಕೊಡೋ ರೊಕ್ಕನೂ ನಿಮ್ಮ ಟಿಕೇಟಿನಾಗೇ ಬರ್ತದ್ರೀ. ಮನಸಿಗಿ ಚುಚ್ಚಬಾರದಂತ ಕೊಡ್ಲತ್ತೀರಿ. ಅವರಿಗಿ ಏನ್ ಬೇಕಂತ ಕೇಳೀರೇನು?” ಎಂದಳು.

ಕೇಳಿರಲಿಲ್ಲ. ನೀತಿಯ ವಿಷಯದಲ್ಲಿ ನಾವು ಓದಿದವರು ಮಾಡುವ ತಪ್ಪು ಬಹುಶಃ ಇದೇ. ಋಣವನ್ನು ನಾವೇ ಎಣಿಸುತ್ತೇವೆ, ನಮಗೆ ಅನುಕೂಲವಾದ ನಾಣ್ಯದಲ್ಲಿ ಎಣಿಸುತ್ತೇವೆ. ಚಾಚಾ ಹಾಗೆ ಮಾಡಿರಲಿಲ್ಲ. ಕಿಮ್ಮತ್ತು ನೀವು ಹೇಳಿ ಎಂದು ಬಾಗಿಲಲ್ಲಿ ನಿಂತಿದ್ದರು.

ಮುಂದಿನ ಭಾನುವಾರ ಇಬ್ಬರೂ ಕೊಹಿನೂರಕ್ಕೆ ಹೋದೆವು. ತಮ್ಮ ಬಾವಿಯ ಹತ್ತಿರ ಮೋಟಾರು ಬಿಚ್ಚಿಕೊಂಡು ಕೂತಿದ್ದ. ನಾನು ಹಣದ ಮಾತನ್ನು ಎತ್ತಿದಾಗ ಅವನ ಮುಖ ಗಂಟಿಕ್ಕಿತು. ನಾನು ಅವನ ಮೇಲೆ ಏನೋ ತಪ್ಪು ಹೊರಿಸುತ್ತಿದ್ದೇನೆಂದುಕೊಂಡ. ಬಿಡಿಸಿ ಹೇಳಬೇಕಾಯಿತು. ಕೈಯೊರೆಸಿಕೊಂಡು ಬಹಳ ಹೊತ್ತು ಸುಮ್ಮನಿದ್ದ.

“ಅಣ್ಣಾ, ರೊಕ್ಕ ಬ್ಯಾಡ. ನಾವಿಬ್ಬರೂ ಉಗಾದಿಗಿ ಶ್ರೀಶೈಲಕ್ಕ ನಡಕೋತ ಹೋಗಬೇಕಂತ ಹನ್ನೊಂದು ವರ್ಷ ಆಯ್ತು ಅನ್ಲತ್ತೀವಿ. ಊರಾಗಿಂದ ಎಲ್ಲಾರೂ ಹೋಗಿ ಬಂದಾರ. ಅವ್ವನ ಬಿಟ್ಟು ಹ್ಯಾಂಗ ಹೋಗಾದು? ನೀನೂ ವೈನೀನೂ ಹದಿನೈದು ದಿವಸ ಬಂದು ಇರ್ತೀರೇನು?”

ಹನ್ನೊಂದು ವರ್ಷ. ಅವನೂ ಅವನ ಹೆಂಡತಿಯೂ ಒಟ್ಟಿಗೆ ಒಂದು ರಾತ್ರಿ ಊರು ಬಿಟ್ಟು ಮಲಗಿಲ್ಲವೆಂದು ಆಗ ಲೆಕ್ಕ ಹಾಕಿದೆ. ಅದೇ ಹನ್ನೊಂದು ವರ್ಷದಲ್ಲಿ ನಾನು ಮೈಸೂರು, ಕಾಶಿ, ದಿಲ್ಲಿ, ವಿಚಾರಸಂಕಿರಣಗಳ ನೆಪದಲ್ಲಿ ಇನ್ನೆಷ್ಟೋ ಊರು. ಶ್ರೀಶೈಲದ ದಾರಿಗೆ ಅಂದಾಜುಪಟ್ಟಿ ಬೇಡ. ಹೆಗಲಿಗೊಂದು ಚೀಲ, ಅದರಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಮುಂದೆ ದಾರಿಯುದ್ದಕ್ಕೂ ಊರವರು ದಾಸೋಹ ಇಟ್ಟಿರುತ್ತಾರೆ. ಅವರಿಗೆ ಕೊರತೆಯಾದದ್ದು ಹಣವಲ್ಲ, ಅವರ ಬದಲಿಗೆ ಇರುವವರು.

ಉಗಾದಿಯ ಹೊತ್ತಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕಾಲ. ರಜೆಗೆ ಈಗಲೇ ಅರ್ಜಿ ಬರೆದಿದ್ದೇನೆ. ಲಂಡನ್ನಿನ ಮಾತನ್ನು ಕೈಬಿಟ್ಟಿಲ್ಲ. ವಜ್ರ ಎಲ್ಲಿಗೂ ಹೋಗುವುದಿಲ್ಲ. ನೋಟುಬುಕ್ಕನ್ನು ತಿರುವಿ ಹಿಂಬದಿಯಿಂದ ಹೊಸದಾಗಿ ಬರೆಯಲು ತೊಡಗಿದ್ದೇನೆ. ತಮ್ಮನ ಹೆಂಡತಿ ಹೇಳಿದಳು, ನಾನು ಬರೆದುಕೊಂಡೆ: ಅವ್ವನ ಗುಳಿಗೆ ಮುಂಜಾನೆ ಊಟಕ್ಕೆ ಮೊದಲು ಎರಡು, ರಾತ್ರಿ ಒಂದು, ಮಂಡಿಗೆ ಬಿಸಿ ಎಣ್ಣೆ, ರಾತ್ರಿ ಎರಡು ಸಲ ಏಳುತ್ತಾಳೆ, ದೀಪ ಆರಿಸಬಾರದು, ಕರುವನ್ನು ಬಿಡುವ ಹೊತ್ತು ಐದು ಗಂಟೆ. ಎಮ್ಮೆ ಹೊಸಬರ ಕೈಗೆ ಹಾಲು ಬಿಡುವುದಿಲ್ಲವಂತೆ. ಅದಕ್ಕೆ ಗುರುತಾಗುವ ತನಕ ನಾವು ಎಂಟು ದಿನ ಮೊದಲೇ ಬಂದಿರಬೇಕೆಂದು ಹೇಳಿದಳು. ಅದನ್ನೂ ಬರೆದುಕೊಂಡೆ.