ಆಕಾಶದಿಂದ ಬಿದ್ದುದಕ್ಕೆ ಹೊಣೆ ಯಾರು?

ತಾನು ಮಾಡಿದ ಕೆಲಸಕ್ಕೆ ತಾನೇ ಹೊಣೆಗಾರನೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತಾನು ಮಾಡದ, ತಾನು ಬಯಸದ, ತನ್ನದಲ್ಲದ ನೆಲದ ಮೇಲೆ ತಾನಾಗಿ ಬಂದು ಬಿದ್ದ ವಸ್ತುವಿಗೂ ಮನುಷ್ಯನು ಹೊಣೆಯಾಗಬೇಕೆ? ಇದು ನೀತಿಶಾಸ್ತ್ರದ ಗ್ರಂಥಗಳಲ್ಲಿ ಮಾತ್ರ ಏಳುವ ಪ್ರಶ್ನೆಯೆಂದು ವಾಚಕರು ಎಣಿಸಬಾರದು. ಅಮೆರಿಕ, ಕೆನಡಾ, ಜರ್ಮನಿ ಮೊದಲಾದ ಶೀತದೇಶಗಳಲ್ಲಿ ಹಿಮ ಸುರಿದ ಮುಂಜಾನೆ ಮನೆಯ ಯಜಮಾನನು ಕದ ತೆರೆದೊಡನೆ ಈ ಪ್ರಶ್ನೆಯು ಅವನೆದುರಿಗೆ ಮೊಳಕಾಲುದ್ದ ಬಿದ್ದಿರುತ್ತದೆ. ಮನೆಯ ಮುಂದಿನ, ನಾವು ಫುಟ್‌ಪಾತ್ ಎನ್ನುವ ಕಾಲುದಾರಿಯು ಸಾಮಾನ್ಯವಾಗಿ ಊರಿನ ಸೊತ್ತು; ಹಿಮವಂತೂ ಯಾರ ಸೊತ್ತೂ ಅಲ್ಲ. ಆದರೂ ಅದನ್ನು ತೆಗೆಯತಕ್ಕವನು ಆ ಮನೆಯವನೇ ಎಂದು ಆ ನಾಡುಗಳ ಅನೇಕ ಊರುಗಳಲ್ಲಿ ಶಾಸನವಿದೆ.

ಹಿಮವನ್ನು ಭೂಗೋಳದ ಪುಸ್ತಕದಲ್ಲಿ ಮಾತ್ರ ಕಂಡಿರುವ ನಮ್ಮ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುವುದು ಲೇಸು. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಹಗುರ. ಅದರಲ್ಲಿ ನಡೆಯುವುದು ಪ್ರಯಾಸವೇ ಹೊರತು ಅಷ್ಟೇನೂ ಅಪಾಯವಲ್ಲ. ಹತ್ತಾರು ಮಂದಿ ಅದನ್ನು ತುಳಿದು, ಹಗಲಿನ ಬಿಸಿಲಿಗೆ ಅದು ಕೊಂಚ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದಾಗ ಗಾಜಿನಂತಹ ನೀರ್ಗಲ್ಲಾಗುತ್ತದೆ. ಕಾಲು ಜಾರಿ ಸೊಂಟದ ಎಲುಬು, ಮಣಿಕಟ್ಟು ಮುರಿಯುವ ಭಯವು ಹೆಚ್ಚುವುದು ಆಗಲೇ. ಆಮೇಲೆ ಸಲಿಕೆಯು ಅದಕ್ಕೆ ನಾಟದು. ಉಪ್ಪು ಎರಚಿದರೆ ಕರಗುವುದು ನಿಜ. ಆದರೆ ಶೀತವು ಸೊನ್ನೆಗಿಂತ 10 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿದರೆ ಉಪ್ಪಿನ ಶಕ್ತಿಯೂ ಬಹಳವಾಗಿ ಕುಂದುತ್ತದೆ. ಶಾಸನಗಳು ಗಂಟೆಗಳ ಲೆಕ್ಕವನ್ನು ಇಡುವುದು ಈ ಕಾರಣದಿಂದಲೇ. ನ್ಯೂಯಾರ್ಕ್ ನಗರದ ನಿಯಮದಂತೆ, ಬೆಳಿಗ್ಗೆ 7ರಿಂದ ಸಂಜೆ 5ರೊಳಗೆ ಹಿಮ ನಿಂತರೆ 4 ಗಂಟೆಗಳಲ್ಲಿ ಕಾಲುದಾರಿ ತೆರವಾಗಬೇಕು. ರಾತ್ರಿ 9ರ ಮೇಲೆ ನಿಂತರೆ ಮರುದಿನ 11 ಗಂಟೆಯೊಳಗೆ. ತಪ್ಪಿದರೆ ದಂಡ.

ಮನೆಯವನ ದೂರಿನಲ್ಲಿ ಸತ್ಯವಿಲ್ಲವೆನ್ನುವಂತಿಲ್ಲ. ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಮನೆಯ ಮುಂಭಾಗ 12 ಮೀಟರ್ ಉದ್ದ, ಕಾಲುದಾರಿಯ ಅಗಲ ಒಂದೂವರೆ ಮೀಟರ್, ಬಿದ್ದ ಹಿಮದ ದಪ್ಪ 20 ಸೆಂಟಿಮೀಟರ್ ಎಂದಾದರೆ 3.6 ಘನ ಮೀಟರ್ ಹಿಮವಾಯಿತು. ಘನ ಮೀಟರಿಗೆ 100 ಕಿಲೋಗ್ರಾಮಿನಂತೆ ಹಿಡಿದರೂ 360 ಕಿಲೋಗ್ರಾಂ ಭಾರ. ತೇವವಿರುವ ಹಿಮವಾದರೆ ಅದರ ಎರಡರಷ್ಟು ಮೂರರಷ್ಟು. ಇಷ್ಟನ್ನೂ ಕೊರೆಯುವ ಚಳಿಯಲ್ಲಿ, ಕೆಲಸಕ್ಕೆ ಹೊರಡುವ ಮುನ್ನ, ಸಲಿಕೆಯಿಂದ ಎತ್ತಿ ಬದಿಗೆ ಚೆಲ್ಲಬೇಕು. ಹೃದಯರೋಗವುಳ್ಳವರು ಈ ಕೆಲಸಕ್ಕೆ ಕೈಹಾಕಬಾರದೆಂದು ಅಲ್ಲಿಯ ವೈದ್ಯರು ಚಳಿಗಾಲ ಬಂದಾಗಲೆಲ್ಲ ಎಚ್ಚರಿಸುತ್ತಾರೆ.

ಇನ್ನು ನ್ಯಾಯಾಲಯಗಳು ಈ ವಿಷಯದಲ್ಲಿ ನಡೆದುಬಂದ ದಾರಿ ವಿಚಿತ್ರವಾದುದು. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಒಂದು ತತ್ತ್ವವು ಆಚರಣೆಯಲ್ಲಿತ್ತು. ಆವರಣದೊಳಗೆ ಹಿಮವು ಪ್ರಕೃತಿಯಿಂದ ಬಿದ್ದಂತೆಯೇ ಇದ್ದು, ಅದರ ಮೇಲೆ ಯಾರಾದರೂ ಜಾರಿ ಬಿದ್ದರೆ ಒಡೆಯನು ಪರಿಹಾರ ಕೊಡಬೇಕಾಗಿರಲಿಲ್ಲ. ಅವನು ಅದನ್ನು ಗುಡ್ಡೆ ಹಾಕಿ, ಆ ಗುಡ್ಡೆಯಿಂದ ಅಪಾಯ ಉಂಟಾದರೆ ಮಾತ್ರ ಹೊಣೆ! ಅಂದರೆ, ಸಲಿಕೆ ಹಿಡಿದವನಿಗೆ ಭಯ, ಕೈಕಟ್ಟಿ ಕುಳಿತವನಿಗೆ ಅಭಯ. 2010ರಲ್ಲಿ ಅಲ್ಲಿಯ ಉಚ್ಚತಮ ನ್ಯಾಯಾಲಯವು ಈ ಭೇದವನ್ನು ತೆಗೆದುಹಾಕಿ, ಸಾಧಾರಣ ವಿವೇಕಿಯು ಎಷ್ಟು ಎಚ್ಚರ ವಹಿಸುವನೋ ಅಷ್ಟನ್ನು ಒಡೆಯನು ವಹಿಸತಕ್ಕದ್ದೆಂದು ತೀರ್ಮಾನಿಸಿತು. ಇಂಗ್ಲೆಂಡಿನಲ್ಲಿ ಮನೆಯವರು ಹಿಮ ತೆಗೆಯಬೇಕೆಂಬ ಕಟ್ಟಳೆಯೇ ಇಲ್ಲ. ಆದರೂ ತೆಗೆದರೆ ಎಲ್ಲಿ ದಾವೆ ಬೀಳುವುದೋ ಎಂಬ ಅಂಜಿಕೆ ಜನರಲ್ಲಿ ಹಬ್ಬಿದ್ದುದರಿಂದ, ಅದೇ 2010ರಲ್ಲಿ ಸರಕಾರವು ಸೂಚನೆಗಳನ್ನು ಪ್ರಕಟಿಸಿ, ಎಚ್ಚರಿಕೆಯಿಂದ ದಾರಿ ತೆರವು ಮಾಡಿದವರ ಮೇಲೆ ದಾವೆ ಬರುವ ಸಂಭವ ತೀರ ಕಡಮೆಯೆಂದು ಧೈರ್ಯ ಹೇಳಬೇಕಾಯಿತು. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿಯಾದರೋ, ಊರಿನ ಕಾಲುದಾರಿಯಲ್ಲಿ ಬಿದ್ದವನಿಗೆ ಪಕ್ಕದ ಮನೆಯವನು ಸಾಮಾನ್ಯವಾಗಿ ಹೊಣೆಯಲ್ಲವೆಂದು ಮೇಲ್ಮನವಿ ನ್ಯಾಯಾಲಯವು 2000ದಲ್ಲಿ ಹೇಳಿತು. ಹಿಮ ತೆಗೆಯದಿದ್ದರೆ ಪುರಸಭೆಗೆ ದಂಡ ತೆರಬೇಕಾದೀತು, ಬಿದ್ದವನಿಗೆ ಪರಿಹಾರ ಕೊಡಬೇಕಾಗಿಲ್ಲ ಎಂದು ಅದರ ಸಾರ.

ಕಾನೂನು ಹೀಗೆ ಊರಿಗೊಂದು ಬಗೆ. ನೀತಿಯೂ ಊರಿಗೊಂದು ಬಗೆಯಾಗಬಹುದೆ? ಆಗದೆಂದು ನಾವು ತಿಳಿಯುತ್ತೇವೆ. ಬಿದ್ದ ಹಿಮಕ್ಕೆ ಯಾರೂ ಕಾರಣರಲ್ಲ, ಸರಿಯೆ. ಆದರೆ ಅದು ನೀರ್ಗಲ್ಲಾಗುವುದಕ್ಕೆ ಹಿಡಿಯುವ ಕಾಲದಲ್ಲಿ ಅದನ್ನು ಕಂಡವನು, ಕೈಗೆ ಸಲಿಕೆ ಎಟುಕುವವನು ಆ ಮನೆಯವನೇ. ಸಮೀಪದಲ್ಲಿರುವುದು ತಾನಾಗಿ ಅಪರಾಧವಲ್ಲ. ಆದರೂ ಸಾಮೀಪ್ಯದಿಂದ ಕರ್ತವ್ಯವು ಹುಟ್ಟುತ್ತದೆ. ಕೆರೆಯಲ್ಲಿ ಮುಳುಗುತ್ತಿರುವ ಮಗುವನ್ನು ದಡದಲ್ಲಿದ್ದವನು, ತಾನು ತಳ್ಳಲಿಲ್ಲವೆಂದು ಸುಮ್ಮನೆ ನೋಡುತ್ತ ನಿಂತರೆ ನಾವು ಒಪ್ಪುತ್ತೇವೆಯೆ?

ಈ ಕರ್ತವ್ಯಕ್ಕೆ ಇನ್ನೊಂದು ವಿಶೇಷವುಂಟು. ಒಂದು ಬೀದಿಯಲ್ಲಿ 20 ಮನೆಗಳಿದ್ದು 19 ಮನೆಗಳವರು ಹಿಮ ತೆಗೆದರೆ ಕೆಲಸವು ನೂರಕ್ಕೆ 95ರಷ್ಟು ಆಯಿತೆಂದು ಗಣಿತ ಹೇಳುತ್ತದೆ. ಗಾಲಿಕುರ್ಚಿಯಲ್ಲಿ ಬರುವವನನ್ನು ಕೇಳಿದರೆ ಏನೂ ಆಗಲಿಲ್ಲವೆನ್ನುವನು. ಇಪ್ಪತ್ತನೆಯ ಮನೆಯ ಮುಂದೆ ಅವನು ನಿಲ್ಲಬೇಕು. ಇಲ್ಲವೆ ಬಂದಷ್ಟು ದೂರವೂ ಹಿಂದಿರುಗಬೇಕು. ಅಥವಾ ಮೋಟಾರುಗಳು ಓಡುವ ರಸ್ತೆಗೆ ಇಳಿಯಬೇಕು. ಬಿಳಿಯ ಕೋಲಿನಿಂದ ದಾರಿ ತಡವುತ್ತ ನಡೆಯುವ ಕುರುಡನಿಗೂ, ಕೂಸನ್ನು ತಳ್ಳುಗಾಡಿಯಲ್ಲಿ ಒಯ್ಯುವ ತಾಯಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಇದೇ ಪಾಡು. ನಾವು ಉಪಾಧ್ಯಾಯರು ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ರೂಢಿಯಾದವರು. ಅಂಥ ಅಳತೆ ಇಲ್ಲಿ ಕೆಲಸಕ್ಕೆ ಬಾರದು. ಒಬ್ಬನ ಆಲಸ್ಯವು ಅವನ ಮನೆಯ ಮುಂದಿನ 12 ಮೀಟರನ್ನು ಮಾತ್ರವಲ್ಲ, ಉಳಿದವರ ಬೆವರನ್ನೂ ವ್ಯರ್ಥಗೊಳಿಸುತ್ತದೆ.

ಆದರೆ ಇಪ್ಪತ್ತನೆಯ ಮನೆಯಲ್ಲಿರುವುದು ಸೋಮಾರಿಯಲ್ಲ, ಎಂಬತ್ತು ವರ್ಷದ ಒಂಟಿ ಮುದುಕಿಯೆಂದು ಭಾವಿಸೋಣ. ಮಾಡಬೇಕೆಂಬ ವಿಧಿಯು ಮಾಡಬಲ್ಲವನಿಗೆ ಮಾತ್ರ ಅನ್ವಯಿಸುತ್ತದೆಂಬ ವಿಚಾರವು ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಹೆಸರಿನೊಡನೆ ಪ್ರಸಿದ್ಧವಾಗಿದೆ. ಆ ಪ್ರಕಾರ ಮುದುಕಿಯು ನಿರ್ದೋಷಿ. ಆದರೆ ಹಿಮವು ಅವಳ ವಯಸ್ಸನ್ನು ನೋಡಿ ಕರಗಲಿಲ್ಲವಲ್ಲ! ಅವಳು ಮಾಡಲಾರದ ಕೆಲಸವು ಮಾಯವಾಗುವುದಿಲ್ಲ. ಅದು ಹತ್ತೊಂಬತ್ತನೆಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಶಿಕಾಗೋ, ಪಿಟ್ಸ್‌ಬರ್ಗ್ ನಗರಗಳಲ್ಲಿ ಇಂತಹ ವೃದ್ಧರಿಗೆ ಸ್ವಯಂಸೇವಕರನ್ನು ಗೊತ್ತುಮಾಡಿಕೊಡುವ ಯೋಜನೆಗಳನ್ನು ನಗರಾಡಳಿತಗಳೇ ನಡೆಸುತ್ತ ಬಂದಿವೆ. ಒಳ್ಳೆಯದೇ, ಆದರೆ ಪಕ್ಕದ ಮನೆಯವನಿಗೆ ಒಂದು ಕೂಗು ಹಾಕಿದರೆ ತೀರುವ ಕೆಲಸಕ್ಕೆ ಅರ್ಜಿ ಬರೆಯಬೇಕಾಗಿ ಬಂದುದು ನಮಗೆ ಸೋಜಿಗವೆನಿಸುತ್ತದೆ.

ಇಷ್ಟು ಹೇಳಿದ ಮೇಲೆ ನಗರಾಡಳಿತವನ್ನು ಸುಮ್ಮನೆ ಬಿಡಲಾಗದು. ಮೋಟಾರಿನಲ್ಲಿ ಹೋಗುವವರ ದಾರಿಯನ್ನು ಊರಿನ ಹಣದಿಂದ ಯಂತ್ರಗಳು ತೆರವು ಮಾಡುತ್ತವೆ. ನಡೆದುಹೋಗುವವರ ದಾರಿಯನ್ನು ಮಾತ್ರ ಒಬ್ಬೊಬ್ಬ ಮನೆಯವನ ಬೆನ್ನಿಗೆ ಕಟ್ಟಲಾಗಿದೆ. ತೆರಿಗೆಯನ್ನು ಇಬ್ಬರೂ ಕೊಡುವುದಿಲ್ಲವೆ? ಇದು ಪ್ರಕೃತಿಯ ನಿಯಮವೇನೂ ಅಲ್ಲ. ಮಾಂಟ್ರಿಯಲ್ ನಗರದಲ್ಲಿ ಕಾಲುದಾರಿಯ ಹಿಮವನ್ನೂ ನಗರದ ಸಣ್ಣ ಯಂತ್ರಗಳೇ ನೂಕುತ್ತವೆ. ಸ್ವೀಡನ್ನಿನ ಕಾರ್ಲ್‌ಸ್ಕೋಗಾ ಎಂಬ ಊರಿನವರು ತಮ್ಮ ಪದ್ಧತಿಯನ್ನು ಪರಿಶೀಲಿಸಿದಾಗ, ದೊಡ್ಡ ರಸ್ತೆಗಳನ್ನು ಮೊದಲು ತೆರವು ಮಾಡುವುದರಿಂದ ಮೋಟಾರು ಓಡಿಸುವ ಗಂಡಸರಿಗೆ ಅನುಕೂಲ, ನಡೆದುಹೋಗುವ ಹೆಂಗಸರಿಗೆ ಅನನುಕೂಲ ಎಂದು ಕಂಡುಬಂದಿತು. ಕ್ರಮವನ್ನು ತಿರುಗಿಸಿ, ಶಿಶುವಿಹಾರಗಳ ಬಳಿಯ ದಾರಿಗಳನ್ನೂ ಕಾಲುದಾರಿಗಳನ್ನೂ ಮೊದಲಿಗೆ ಎತ್ತಿಕೊಂಡರು. ಮೂರಂಗುಲ ಹಿಮದಲ್ಲಿ ಮೋಟಾರು ಓಡೀತು, ತಳ್ಳುಗಾಡಿ ಓಡದು ಎಂಬ ಸರಳ ವಿಚಾರ ಇದರ ಹಿಂದೆ ಇದೆ.

ಈ ಎರಡು ಹೊಣೆಗಳು ಒಂದನ್ನೊಂದು ಸಂಧಿಸುವ ಸ್ಥಳ ಬೀದಿಯ ಮೂಲೆ. ಮನೆಯವನು ಬೆಳಗಿನ ಜಾವ ಎದ್ದು, ಮೂಲೆಯವರೆಗೂ, ಗಾಲಿಕುರ್ಚಿ ಇಳಿಯುವ ಇಳಿಜಾರಿನವರೆಗೂ ಚೊಕ್ಕಟ ಮಾಡಿರುತ್ತಾನೆ. ಎಂಟು ಗಂಟೆಗೆ ನಗರದ ಯಂತ್ರವು ರಸ್ತೆಯನ್ನು ತೆರವು ಮಾಡುತ್ತ ಬಂದು, ಅಲ್ಲಿಯ ಹಿಮವನ್ನೆಲ್ಲ ಆ ಇಳಿಜಾರಿನ ಮೇಲೆಯೇ ಒಡ್ಡಿನಂತೆ ರಾಶಿ ಹಾಕಿ ಮುಂದೆ ಹೋಗುತ್ತದೆ. ಈ ಒಡ್ಡು ಆಕಾಶದಿಂದ ಬಿದ್ದುದಲ್ಲ. ಇದನ್ನೂ ಮನೆಯವನೇ ತೆಗೆಯಲೆಂದು ಹಲವು ಊರುಗಳ ನಿಯಮ ಹೇಳುತ್ತದೆ. ನಮ್ಮ ಮತದಲ್ಲಿ ಇದು ಯಂತ್ರ ಕಳುಹಿಸಿದವರ ಕೆಲಸ. ಅವರು ಬರುವವರೆಗೆ ಗಾಲಿಕುರ್ಚಿಯವನು ಆ ಮೂಲೆಯಲ್ಲಿ ಕಾಯುತ್ತ ನಿಂತಿರುತ್ತಾನಾದ್ದರಿಂದ, ಮನೆಯವನು ಮತ್ತೊಮ್ಮೆ ಸಲಿಕೆಯೊಡನೆ ಹೊರಗೆ ಬರುತ್ತಾನೆ, ನಗರಾಡಳಿತವನ್ನು ಬೈದುಕೊಳ್ಳುತ್ತಲೇ.