ಮರುಪರಿಶೀಲನೆಗೊಂದು ದಿನಾಂಕ

ಫಲಿತಾಂಶ ಬಂದ ವಾರ ಮೈಸೂರಿನ ಯಾವ ಕಾಲೇಜಿನ ಅಂಗಳದಲ್ಲಿ ನಿಂತರೂ ಇದೇ ಮಾತು: ಮರುಎಣಿಕೆಗೆ ಹಾಕ್ತೀಯೋ, ಮರುಮೌಲ್ಯಮಾಪನಕ್ಕೋ? ಹುಡುಗರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತು. ಮೊದಲನೆಯದರಲ್ಲಿ ಕೊಟ್ಟ ಅಂಕಗಳನ್ನೇ ಮತ್ತೆ ಕೂಡುತ್ತಾರೆ. ಎರಡನೆಯದರಲ್ಲಿ ಉತ್ತರವನ್ನೇ ಮತ್ತೆ ಓದುತ್ತಾರೆ. ವಕೀಲರೂ ಅಷ್ಟೇ ಎಚ್ಚರದವರು: ಪುನರ್‌ಪರಿಶೀಲನಾ ಅರ್ಜಿ ತೀರ್ಪು ಕೊಟ್ಟ ನ್ಯಾಯಾಲಯಕ್ಕೇ ಹೋಗುತ್ತದೆ, ಮೇಲ್ಮನವಿ ಮೇಲಿನದಕ್ಕೆ. ಕಚೇರಿ ಪತ್ರಗಳ ‘ಮರುಪರಿಶೀಲಿಸಲಾಗುವುದು’ ಮಾತ್ರ ಬೇರೆ ಜಾತಿ. ಯಾರು, ಯಾವಾಗ ಎಂಬ ಎರಡನ್ನೂ ಅದು ಜಾಣತನದಿಂದ ನುಂಗಿಕೊಂಡಿರುತ್ತದೆ.

ಆ ನುಂಗಿದ ಮಾತಿನ ಬೆಲೆ ಎಷ್ಟೆಂದು ಮೈಸೂರು ಅರಮನೆಗೆ ಗೊತ್ತು. ನಗರ ಸೀಮೆಯ ದಂಗೆಯ ನೆಪ ಮುಂದಿಟ್ಟು, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡ. ವಿಚಾರಣಾ ಸಮಿತಿ ನೇಮಕವಾದದ್ದು ಆಮೇಲೆ. ಆಡಳಿತದಲ್ಲಿ ದೋಷಗಳಿದ್ದವು ನಿಜ, ಆದರೆ ಕಲ್ಕತ್ತೆಗೆ ಮುಟ್ಟಿದ್ದ ದೂರುಗಳು ಅತಿಯಾಗಿದ್ದವು ಎಂಬುದು 1833ರ ಅದರ ವರದಿಯ ಸಾರ. ಬೆಂಟಿಂಕ್‌ಗೂ ಮನಸ್ಸು ಅಳುಕಿತು. ರಾಜ್ಯದ ಒಂದು ಭಾಗವನ್ನಾದರೂ ಮರಳಿಸೋಣ ಎಂದು 1834ರಲ್ಲಿ ಸೂಚಿಸಿದ. ಲಂಡನ್ನಿನ ಕಂಪನಿ ನಿರ್ದೇಶಕರು ಒಪ್ಪಲಿಲ್ಲ.

ತೀರ್ಪನ್ನು ಮತ್ತೆ ತೂಗಿಯಾಗಿತ್ತು. ತೂಕದಲ್ಲಿ ವ್ಯತ್ಯಾಸವೂ ಕಂಡಿತ್ತು. ಆದರೂ ತಕ್ಕಡಿ ಹಿಡಿದವರು ಸರಕು ಬಿಡಲಿಲ್ಲ. ಮುಮ್ಮಡಿಯವರು ಮನವಿಯ ಮೇಲೆ ಮನವಿ ಬರೆದರು, 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ದತ್ತುಪುತ್ರನಿಗೆ ರಾಜ್ಯ ಸಲ್ಲುತ್ತದೆಂದು ಬ್ರಿಟಿಷ್ ಸರ್ಕಾರ ಒಪ್ಪಿದ್ದು 1867ರಲ್ಲಿ. ಮರುವರ್ಷವೇ ಮುಮ್ಮಡಿಯವರು ತೀರಿಕೊಂಡರು. ಆಡಳಿತ ಅರಮನೆಗೆ ಮರಳಿದ್ದು 1881ರ ಮಾರ್ಚ್ 25ರಂದು, ಅದೂ ಬೆಂಗಳೂರಿನ ದಂಡುಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡು.

ಹಾಗಾಗಿ ‘ಮತ್ತೆ ವಿಚಾರ ಮಾಡುತ್ತೇವೆ’ ಎನ್ನುವವರನ್ನು ಎರಡು ಕೇಳಬೇಕು. ತಪ್ಪು ಕಂಡರೆ ನೀವು ಬಿಟ್ಟುಕೊಡುವುದೇನು? ಅದು ಯಾವ ತಾರೀಖಿಗೆ? ಇವೆರಡಕ್ಕೂ ಉತ್ತರವಿಲ್ಲದಿದ್ದರೆ ಮರುವಿಚಾರಣೆಯ ಭಾರವೆಲ್ಲ ಅರ್ಜಿದಾರನ ಆಯುಸ್ಸಿನ ಮೇಲೆ ಬೀಳುತ್ತದೆ. ಗಟ್ಟಿ ಆಯುಸ್ಸಿನವನಿಗೆ ನ್ಯಾಯ, ಉಳಿದವರಿಗೆ ಸಾಂತ್ವನ.

ಇದಕ್ಕೆ ಉತ್ತರದಂಥದ್ದೊಂದು ಅದೇ 1881ರಲ್ಲಿ, ಇದೇ ಮೈಸೂರಿನಲ್ಲಿ ಹುಟ್ಟಿತು. ದಿವಾನ್ ರಂಗಾಚಾರ್ಲು ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು ಸರ್ಕಾರದ ಆಯವ್ಯಯ, ಕೆಲಸಕಾರ್ಯಗಳನ್ನು ರೈತರ, ವರ್ತಕರ ಮುಂದಿಟ್ಟರು. ಸಭೆಗೆ ಅಧಿಕಾರ ಅತ್ಯಲ್ಪ, ಕಾನೂನು ಮಾಡುವಂತಿರಲಿಲ್ಲ. ಆದರೆ ವರ್ಷವರ್ಷವೂ ದಸರೆಯ ಹೊತ್ತಿಗೆ ಅದು ಸೇರಬೇಕಿತ್ತು. ಆಳುವವರ ಮನಸ್ಸು ಕರಗುವವರೆಗೆ ಯಾರೂ ಕಾಯಬೇಕಿರಲಿಲ್ಲ. ಲೆಕ್ಕ ಒಪ್ಪಿಸುವ ಹೊತ್ತು ಪಂಚಾಂಗದಲ್ಲೇ ಇತ್ತು.

ಮರುಪರಿಶೀಲನೆ ದೊಡ್ಡ ಮನಸ್ಸಿನವರ ಗುಣ ಎನ್ನುತ್ತೇವೆ. ಗುಣವನ್ನು ನೆಚ್ಚಿ ಕೂರುವುದಕ್ಕಿಂತ ಅದನ್ನು ಕಟ್ಟಳೆ ಮಾಡುವುದು ಮೇಲು. ಮನೆಯಲ್ಲಿ ಮಕ್ಕಳ ಬಗ್ಗೆ, ಕಚೇರಿಯಲ್ಲಿ ಕೈಕೆಳಗಿನವರ ಬಗ್ಗೆ ನಾವು ಕೊಟ್ಟ ತೀರ್ಪುಗಳಿಗೂ ಒಂದು ಗಡುವಿರಲಿ. ಅವರು ಬಂದು ಕೇಳಿದ ಮೇಲೆ ಕಡತ ತೆರೆದರೆ ಅದು ನಮ್ಮ ಔದಾರ್ಯ. ಕೇಳುವ ಮೊದಲೇ ತೆರೆದರೆ ಅವರ ಹಕ್ಕು.